ಭಯ, ಅಭಯ ಮತ್ತು ಕೆಳಗೆ ನಿಂತವರು

ಕೊಚ್ಚಿಯ ಕಲೂರಿನಲ್ಲಿ 1996ರಲ್ಲಿ ತೆರೆದ ಜವಾಹರಲಾಲ್ ನೆಹರೂ ಕ್ರೀಡಾಂಗಣವಿದೆ. ಸಂಜೆ ಅಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ ಅಂಗಳದಲ್ಲಿ ಓಡುವವರು ಇಪ್ಪತ್ತೆರಡು ಮಂದಿ, ಎದೆ ಡವಗುಟ್ಟುವುದು ಸುತ್ತ ಕುಳಿತ ಸಾವಿರಾರು ಮಂದಿಗೆ. ಮಂಡಿನೋವಿನ ಅಜ್ಜನೂ ಅವರ ತೊಡೆಯ ಮೇಲಿನ ಮೊಮ್ಮಗಳೂ ಒಂದೇ ಗೋಲಿಗೆ ಕೂಗುತ್ತಾರೆ. ಅದೇ ಕಲೂರಿನಿಂದ ಪೂರ್ವಕ್ಕೆ ಹೊರಟರೆ ಗಂಟೆಯೊಳಗೆ ಪಳ್ಳಿಕ್ಕರದ ವಂಡರ್‌ಲಾ ಸಿಗುತ್ತದೆ. ವಿ-ಗಾರ್ಡ್ ಸಂಸ್ಥೆಯ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ ಅದನ್ನು 2000ರಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಆರಂಭಿಸಿದರು. 2005ರಲ್ಲಿ ಅಂಥದೇ ಉದ್ಯಾನ ನಮ್ಮ ಬಿಡದಿಗೆ ಬಂತು, 2016ರಲ್ಲಿ ಹೈದರಾಬಾದಿಗೆ, 2024ರಲ್ಲಿ ಭುವನೇಶ್ವರಕ್ಕೆ. ಇಂಥ ಉದ್ಯಾನಗಳಿಗೆ ಮನೆಮಂದಿಯೆಲ್ಲ ಒಂದೇ ವಾಹನದಲ್ಲಿ ಬರುತ್ತಾರೆ, ಒಟ್ಟಿಗೆ ಟಿಕೆಟ್ ಕೊಳ್ಳುತ್ತಾರೆ, ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಚದುರಿಹೋಗುತ್ತಾರೆ. ಎದೆ ನಡುಗಿಸುವ ರೈಡುಗಳ ಸಾಲಿಗೆ ಕಾಲೇಜಿನ ಹುಡುಗರು, ಪುಟಾಣಿಗಳ ರೈಡುಗಳ ಕಡೆಗೆ ಮಗುವನ್ನೆತ್ತಿಕೊಂಡ ತಾಯಿ, ಎಲ್ಲರ ಚಪ್ಪಲಿ, ಚೀಲ, ಮೊಬೈಲು ಕಾಯುತ್ತ ನೆರಳು ಹುಡುಕುವ ಅಜ್ಜಿ.

ಹೊಸ ಉದ್ಯಾನ ಕಟ್ಟುವವರು, ಹಳೆಯದಕ್ಕೆ ಹೊಸ ವಿಭಾಗ ಸೇರಿಸುವವರು ಈ ಚದುರುವಿಕೆಯನ್ನು ಲೆಕ್ಕದ ಸಮಸ್ಯೆಯಾಗಿ ನೋಡುತ್ತಾರೆ. ರೋಮಾಂಚನದ ರೈಡು ಎಷ್ಟು, ಸಂಸಾರಸ್ಥರಿಗೆ ಹೊಂದುವಂಥದು ಎಷ್ಟು, ಯಾವುದಕ್ಕೆ ಎಷ್ಟು ಎಕರೆ ಎಂದು ಹಂಚಿಕೆ ಮಾಡುತ್ತಾರೆ. ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ಎರಡು ಬೇಲಿಗಳ ನಡುವೆ ಮನೆಮಂದಿ ಎರಡು ಪಾಲಾಗುವುದು ತಪ್ಪುವುದಿಲ್ಲ. ಇದರ ಹಿಂದೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ ಎಂಬುದು ನನ್ನ ನಂಬಿಕೆ. ಮನುಷ್ಯ ತಾನಾಗಿ ಬಯಸಿ ಅನುಭವಿಸುವ ಭಯ ಯಾರ ಸೊತ್ತು? ಆಸನದಲ್ಲಿ ಬೆಲ್ಟು ಕಟ್ಟಿಕೊಂಡು ಕುಳಿತವನ ಸೊತ್ತೇ ಹೌದಾದರೆ ಎಕರೆಗಳ ಹಂಚಿಕೆಯೇ ಸರಿ. ನಮ್ಮ ಕಾವ್ಯಮೀಮಾಂಸೆಯನ್ನೂ ದೇವಸ್ಥಾನದ ಅಂಗಳವನ್ನೂ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಆ ಉತ್ತರವನ್ನು ಗಂಭೀರವಾಗಿ ತೆಗೆದುಕೊಂಡರೆ ಉದ್ಯಾನದ ನಕ್ಷೆಯೇ ಬದಲಾಗಬೇಕಾಗುತ್ತದೆ.

ಭರತನ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿ ಹೋಗಿ ಬೇಡುವುದು ಒಂದು ಆಟಿಕೆಯನ್ನು: ಕಣ್ಣಿಗೂ ಕಿವಿಗೂ ಒದಗುವಂಥದು, ಎಲ್ಲ ವರ್ಣದವರಿಗೂ ಸಲ್ಲುವಂಥದು. ಹಾಗೆ ಹುಟ್ಟಿದ ನಾಟ್ಯದಲ್ಲಿ ಶೃಂಗಾರ, ಹಾಸ್ಯಗಳ ಪಕ್ಕದಲ್ಲೇ ಭಯಾನಕಕ್ಕೂ ಅದ್ಭುತಕ್ಕೂ ಸ್ಥಾನವಿದೆ. ಭಯವನ್ನು ಬೇರೆ ಕೋಣೆಗೆ ಕಳಿಸಲಿಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದರ ಮೇಲೆ ವ್ಯಾಖ್ಯಾನ ಬರೆಯುವಾಗ ಭಯಾನಕಕ್ಕೆ ಎತ್ತಿಕೊಂಡ ಉದಾಹರಣೆ ಶಾಕುಂತಲದ ಮೊದಲ ಅಂಕದ ಜಿಂಕೆ. ದುಷ್ಯಂತನ ರಥ ಬೆನ್ನಟ್ಟಿದಾಗ ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆ. ಅದನ್ನು ಅನುಭವಿಸುವ ಸಹೃದಯನಿಗೆ ತಾನು ಹೆದರಿದ್ದೇನೆ ಎಂದಾಗಲಿ, ಜಿಂಕೆ ಮಾತ್ರ ಹೆದರಿದೆ ಎಂದಾಗಲಿ ಅನ್ನಿಸುವುದಿಲ್ಲ. ಯಾರೊಬ್ಬರಿಗೂ ಅಂಟಿಕೊಳ್ಳದ ಭಯವೊಂದು ಅವನೊಳಗೆ ಆಸ್ವಾದವಾಗಿ ಮಾರ್ಪಡುತ್ತದೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದ ಮೇಲೆ ಈ ಸಾಧಾರಣೀಕರಣದ ವಿಚಾರ ಕನ್ನಡ ಓದುಗರಿಗೆ ಮನೆಮಾತಾಗಿದೆ. ಇದರಿಂದ ನಮ್ಮ ವಿಷಯಕ್ಕೆ ಹೊರಡುವ ತೀರ್ಮಾನ ಸಣ್ಣದಲ್ಲ. ರಸದ ನೆಲೆ ನೋಡುವವನಲ್ಲಿದೆ. ತಲೆಕೆಳಗಾಗಿ ಹಾರುವ ಗಾಡಿಯಲ್ಲಿ ಕಣ್ಣು ಮುಚ್ಚಿ ಕಂಬಿ ಹಿಡಿದವನಿಗೆ ಆಗುತ್ತಿರುವುದು ಲೌಕಿಕವಾದ ಭಯವೇ, ದೇಹದ ಭಯವೇ. ಅದನ್ನು ಕೆಳಗಿನಿಂದ ಕತ್ತೆತ್ತಿ ನೋಡುತ್ತಿರುವ ತಂಗಿಗೋ ಅಜ್ಜಿಗೋ ರಸಾನುಭವದ ಸಾಧ್ಯತೆ ಹೆಚ್ಚು. ಶಾಸ್ತ್ರದ ದೃಷ್ಟಿಯಲ್ಲಿ ಮೇಲಿರುವವನು ಪಾತ್ರಧಾರಿ, ಕೆಳಗಿರುವವರು ಸಭೆ. ಉದ್ಯಾನವು ಆ ಸಭೆಯನ್ನು ಚೀಲ ಕಾಯುವ ಕೆಲಸಕ್ಕೆ ಇಳಿಸಿದೆ.

ಶಾಸ್ತ್ರ ಬದಿಗಿರಲಿ, ಕಾಸರಗೋಡಿನ, ಸುಳ್ಯದ ಕಡೆಯ ಒತ್ತೆಕೋಲ ಎಂಬ ದೈವಾರಾಧನೆಯನ್ನು ನೋಡೋಣ. ರಾತ್ರಿಯಿಡೀ ಕಟ್ಟಿಗೆ ಉರಿದು ಬೆಳಗಿನ ಜಾವಕ್ಕೆ ಕೆಂಡದ ಗುಡ್ಡೆಯಾಗುತ್ತದೆ. ಮೇಲೇರಿ ಎನ್ನುತ್ತಾರೆ ಅದಕ್ಕೆ. ತೆಂಗಿನ ಎಳೆಗರಿಯ ಉಡುಗೆ ತೊಟ್ಟ ವಿಷ್ಣುಮೂರ್ತಿ ಆ ಗುಡ್ಡೆಗೆ ಮತ್ತೆ ಮತ್ತೆ ಹಾರುತ್ತಾನೆ, ಜೊತೆಯವರು ಮತ್ತೆ ಮತ್ತೆ ಹಿಡಿದೆಳೆಯುತ್ತಾರೆ. ಅಪಾಯಕ್ಕೆ ಮೈಯೊಡ್ಡುವವನು ಒಬ್ಬನೇ. ಸುತ್ತ ನಿಂತವರಲ್ಲಿ ಹಾಲುಗೂಸೂ ಇರುತ್ತದೆ, ಎಂಬತ್ತರ ಮುದುಕಿಯೂ ಇರುತ್ತಾಳೆ. ಇಷ್ಟರಲ್ಲೇ ಮುಗಿದಿದ್ದರೆ ಅದನ್ನು ಸಾಹಸಪ್ರದರ್ಶನ ಎನ್ನಬಹುದಿತ್ತು. ಆದರೆ ಕೆಂಡದಿಂದ ಎದ್ದ ದೈವ ನೇರ ಜನರ ನಡುವೆ ಬರುತ್ತದೆ, ಒಬ್ಬೊಬ್ಬರ ಕಷ್ಟ ಕೇಳುತ್ತದೆ, ನುಡಿ ಕೊಡುತ್ತದೆ, ಕೈಗೆ ಪ್ರಸಾದ ಹಾಕುತ್ತದೆ. ಭಯ ಹುಟ್ಟಿದ ನೆಲದಲ್ಲಿಯೇ, ಆ ಭಯವನ್ನು ತೋರಿದವನ ಕೈಯಿಂದಲೇ ಅಭಯ ಸಿಗುತ್ತದೆ, ಅದೂ ಕೆಂಡದ ಹತ್ತಿರ ಹೋಗಲಾರದವರಿಗೆ. ವಿಷ್ಣುಮೂರ್ತಿಯನ್ನು ನರಸಿಂಹನ ಅಂಶವೆಂದು ನಂಬುವುದೂ ಇಲ್ಲಿ ಅರ್ಥಪೂರ್ಣ. ಭಾಗವತದ ಏಳನೆಯ ಸ್ಕಂಧದಲ್ಲಿ ಹಿರಣ್ಯಕಶಿಪುವನ್ನು ಕೊಂದು ಕುಳಿತ ಉಗ್ರಮೂರ್ತಿಯ ಬಳಿಗೆ ದೇವತೆಗಳು ಹೋಗಲಾರರು, ಲಕ್ಷ್ಮಿಯೂ ಅಂಜುತ್ತಾಳೆ. ಕೊನೆಗೆ ಹೋಗುವವನು ಮಗು ಪ್ರಹ್ಲಾದ, ಅವನ ತಲೆಯ ಮೇಲೆ ಸ್ವಾಮಿ ಕೈಯಿಡುತ್ತಾನೆ. ಅತ್ಯಂತ ಭಯಂಕರವಾದ ರೂಪವನ್ನೂ ಅತ್ಯಂತ ಚಿಕ್ಕವನನ್ನೂ ಪರಂಪರೆ ಒಂದೇ ಚಿತ್ರದಲ್ಲಿ ಕೂರಿಸಿದೆ. ಅವರಿಬ್ಬರಿಗೆ ಬೇರೆ ಬೇರೆ ವಿಭಾಗ ಮಾಡಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ.

ಹಳೆಯದನ್ನೆಲ್ಲ ಹೊಗಳುವುದು ಸುಲಭ ಎಂಬ ಆಕ್ಷೇಪ ಇಲ್ಲಿ ನ್ಯಾಯವಾಗಿಯೇ ಏಳುತ್ತದೆ. ತಿರುವನಂತಪುರದ ಆಟ್ಟುಕಾಲ್ ದೇವಸ್ಥಾನದ ಪೊಂಗಾಲ ಉತ್ಸವದಲ್ಲಿ ಕುತ್ತಿಯೋಟ್ಟಂ ಎಂಬ ಸೇವೆಯಿದೆ; ವ್ರತ ಹಿಡಿದ ಚಿಕ್ಕ ಹುಡುಗರ ಪಕ್ಕೆಗೆ ಸಣ್ಣ ಲೋಹದ ತಂತಿ ಚುಚ್ಚುವುದು ಅದರ ಭಾಗ. 2018ರಲ್ಲಿ ಹಿರಿಯ ಪೊಲೀಸ್ ಅಧಿಕಾರಿ ಆರ್. ಶ್ರೀಲೇಖಾ ಇದನ್ನು ಬಹಿರಂಗವಾಗಿ ಪ್ರಶ್ನಿಸಿದರು, ರಾಜ್ಯದ ಮಕ್ಕಳ ಹಕ್ಕುಗಳ ಆಯೋಗವೂ ವಿಷಯವನ್ನು ಕೈಗೆತ್ತಿಕೊಂಡಿತು. ಅವರ ಪ್ರಶ್ನೆ ಸರಿಯಾದದ್ದೆಂದೇ ನಾನು ಭಾವಿಸುತ್ತೇನೆ. ಒಲ್ಲೆ ಎನ್ನಲಾರದ ವಯಸ್ಸಿನವನ ಮೇಲೆ ಹೇರಿದ ನೋವಿಗೆ ಭಕ್ತಿಯ ಹೆಸರಿದ್ದರೂ ಅದು ಅವನ ಭಕ್ತಿಯಲ್ಲ. ನೋಡುವವರ ಸುರಕ್ಷತೆಯ ಮಾತೂ ಅಷ್ಟೇ ಮುಖ್ಯ. 2016ರ ಏಪ್ರಿಲ್ 10ರ ನಸುಕಿನಲ್ಲಿ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದ ಸಿಡಿಮದ್ದಿನ ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಎಂಬ ದೈವದ ಆಚರಣೆ ನಡೆಯುತ್ತಿದ್ದಾಗಲೇ ಸಿಡಿಮದ್ದಿನ ದಾಸ್ತಾನಿಗೆ ಬೆಂಕಿ ತಗುಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎಲ್ಲರನ್ನೂ ಒಂದೇ ಅಂಗಳದಲ್ಲಿ ಸೇರಿಸುವವರ ಮೇಲೆ ಅವರೆಲ್ಲರನ್ನೂ ಕಾಯುವ ಹೊಣೆಯೂ ಬೀಳುತ್ತದೆ. ಈ ವಿಷಯದಲ್ಲಿ ಬೆಲ್ಟು, ಬೀಗ, ಎತ್ತರದ ಅಳತೆಗೋಲು ಇಟ್ಟುಕೊಂಡ ಉದ್ಯಾನಗಳಿಂದ ಉತ್ಸವಗಳೇ ಕಲಿಯಬೇಕಾದದ್ದಿದೆ.

ಆದರೂ ಆ ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ಅದಕ್ಕೆ ಸಾಕ್ಷಿ ಕರ್ನಾಟಕದ ಸಿಡಿ. ನೆಟ್ಟ ಕಂಬ, ಅದರ ತುದಿಯಲ್ಲಿ ತಿರುಗುವ ಉದ್ದನೆಯ ತೊಲೆ, ತೊಲೆಯ ಕೊನೆಗೆ ನೇತಾಡುತ್ತ ಗಾಳಿಯಲ್ಲಿ ಸುತ್ತುವ ಮನುಷ್ಯ: ಇಂದಿನ ಎಷ್ಟೋ ರೈಡುಗಳ ಯಂತ್ರವಿನ್ಯಾಸ ಅಲ್ಲಿ ಮರದಲ್ಲೇ ಇದೆ. ಹಿಂದೆ ಹರಕೆ ಹೊತ್ತವನ ಬೆನ್ನಿನ ಚರ್ಮಕ್ಕೆ ಕೊಕ್ಕೆ ಸಿಕ್ಕಿಸಿ ಎತ್ತುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಡಳಿತ ಇದನ್ನು ತಡೆಯತೊಡಗಿತು, ಜನರ ಮನಸ್ಸೂ ಬದಲಾಯಿತು. ಈಗ ಸಿಡಿ ನಡೆಯುವ ಅನೇಕ ಊರುಗಳಲ್ಲಿ ಸೊಂಟಕ್ಕೆ ಬಟ್ಟೆಯನ್ನೋ ಹಗ್ಗವನ್ನೋ ಬಿಗಿದು ಆಡಿಸುತ್ತಾರೆ. ಕೊಕ್ಕೆ ಹೋಯಿತು, ರಕ್ತ ಹೋಯಿತು. ಊರು ಮಾತ್ರ ಹಿಂದಿನಂತೆಯೇ ಸೇರುತ್ತದೆ, ತೊಲೆ ಮೇಲೇಳುವಾಗ ಹಿಂದಿನಂತೆಯೇ ಉಸಿರು ಬಿಗಿಹಿಡಿಯುತ್ತದೆ. ನೋವಿನ ತೀವ್ರತೆಯೇ ಆಚರಣೆಯ ತಿರುಳಾಗಿದ್ದರೆ ಕೊಕ್ಕೆಯ ಜೊತೆ ಸಿಡಿಯೂ ಸಾಯಬೇಕಿತ್ತು. ಸಾಯಲಿಲ್ಲ, ಏಕೆಂದರೆ ಒಬ್ಬನ ಏರಿಕೆಯನ್ನು ಊರೆಲ್ಲ ತನ್ನದಾಗಿಸಿಕೊಳ್ಳುವುದೇ ತಿರುಳಾಗಿತ್ತು. ಇನ್ನೂ ಎತ್ತರ, ಇನ್ನೂ ವೇಗ, ಇನ್ನೊಂದು ಸುತ್ತು ತಲೆಕೆಳಗು ಎಂದು ಪೈಪೋಟಿಗೆ ಬಿದ್ದಿರುವ ಉದ್ಯಾನಗಳು ಸಿಡಿಯ ಈ ಚರಿತ್ರೆಯನ್ನು ತಿಳಿದಿದ್ದರೆ ಒಳ್ಳೆಯದು.

ದೇವರಿಲ್ಲದ ಕಡೆ ಇದೆಲ್ಲ ನಡೆಯುವುದಿಲ್ಲ, ಹರಕೆಗೂ ಟಿಕೆಟ್ಟಿಗೂ ಹೋಲಿಕೆಯೇ ಇಲ್ಲ ಎಂದು ಕೆಲವರು ಹೇಳಿಯಾರು. ಉದ್ಯಾನ ದೇವಸ್ಥಾನವಾಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಯಂತ್ರಗಳ ಹುಟ್ಟಿನಲ್ಲೇ ಧರ್ಮದ ಚಿಂತೆ ಇತ್ತೆಂಬುದನ್ನು ಮರೆಯಬಾರದು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ತನ್ನ ಸ್ವಿಚ್‌ಬ್ಯಾಕ್ ರೈಲನ್ನು ಓಡಿಸಿದ. ಶುಲ್ಕ 5 ಸೆಂಟ್, ವೇಗ ಗಂಟೆಗೆ ಸುಮಾರು 6 ಮೈಲಿ. ಹೆಂಡದಂಗಡಿಯಂಥ ಚಟದ ತಾಣಗಳಿಂದ ಜನರನ್ನು ಸೆಳೆದು ಒಳ್ಳೆಯ ಮೋಜಿನ ಕಡೆ ತರಬೇಕೆಂಬುದು ಆ ಶ್ರದ್ಧಾವಂತನ ಆಸೆಯಾಗಿತ್ತೆಂದು ಹೇಳುತ್ತಾರೆ. ಪ್ರಯಾಣಿಕರು ಬದಿಗೆ ಮುಖಮಾಡಿ ಕುಳಿತು ಸುತ್ತಲಿನ ನೋಟ ನೋಡುತ್ತ ಸಾಗುತ್ತಿದ್ದರು. ವಾಲ್ಟ್ ಡಿಸ್ನಿ 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲಿ ಒಂದೂ ರೋಲರ್ ಕೋಸ್ಟರ್ ಇರಲಿಲ್ಲ. ತನ್ನ ಹೆಣ್ಣುಮಕ್ಕಳು ಮೋಜಿನ ಕುದುರೆಗಳ ಮೇಲೆ ಸುತ್ತುವಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕೂರಬೇಕಾಯಿತಲ್ಲ ಎಂಬ ಕೊರಗಿನಿಂದ ಉದ್ಯಾನದ ಯೋಚನೆ ಮೊಳೆಯಿತೆಂದು ಆತ ಹೇಳಿಕೊಂಡಿದ್ದಾನೆ. 1959ರಲ್ಲಿ ಅಲ್ಲಿ ಮ್ಯಾಟರ್‌ಹಾರ್ನ್ ಎಂಬ ಕೃತಕ ಬೆಟ್ಟದೊಳಗೆ ಉಕ್ಕಿನ ಕೊಳವೆಗಳ ಹಳಿಯ ಮೇಲೆ ಕೋಸ್ಟರ್ ಬಂತು. ಆ ಬೆಟ್ಟಕ್ಕೆ ತೂತು ಕೊರೆದು ಸ್ಕೈವೇ ಎಂಬ ತಂತಿದಾರಿಯ ತೊಟ್ಟಿಲುಗಳನ್ನೂ ಅದರೊಳಗೆ ಹಾಯಿಸಿದ್ದರು. ಮುದುಕರೂ ಮಕ್ಕಳೂ ನಿಧಾನವಾಗಿ ತೇಲುತ್ತ ಬೆಟ್ಟದ ಹೊಟ್ಟೆ ಹೊಕ್ಕು, ಪಕ್ಕದಲ್ಲೇ ಕಿರುಚುತ್ತ ಜಾರುವವರನ್ನು ನೋಡುತ್ತ ಆಚೆ ಬರುತ್ತಿದ್ದರು. 1994ರವರೆಗೂ ಅದು ಓಡಿತು. ಹೊಸ ವಿಭಾಗ ರೂಪಿಸುವವರಿಗೆ ನಾನು ಮೊದಲು ತೋರಿಸುವ ಮಾದರಿ ಇದೇ: ಬೆಟ್ಟ ಒಂದೇ, ಅದರೊಳಗೆ ಎರಡು ವೇಗ.

ಸುರಕ್ಷತೆಗಾಗಿ ಬೇರ್ಪಡಿಸಲೇಬೇಕಲ್ಲ ಎಂಬ ಮಾತಿಗೆ ನನ್ನ ಉತ್ತರ, ಬೇರ್ಪಡಿಸಿ, ಆದರೆ ದೇಹಗಳನ್ನು ಮಾತ್ರ. ಎತ್ತರದ ಗೆರೆ ಮುಟ್ಟದ ಮಗುವನ್ನು ಆಸನಕ್ಕೆ ಹತ್ತಿಸದಿರುವುದು ಸರಿ. ಆ ಮಗು ಅಣ್ಣನ ಗಾಡಿ ಎಲ್ಲಿ ಹೋಯಿತೆಂದು ಕಾಣದ ಗೋಡೆಯ ಹಿಂದೆ, ಬಿಸಿಲಿನ ಕಾಂಕ್ರೀಟಿನ ಮೇಲೆ ನಿಲ್ಲಬೇಕೆಂಬ ನಿಯಮ ಯಾವ ಸುರಕ್ಷತಾ ಗ್ರಂಥದಲ್ಲೂ ಇಲ್ಲ. ಹಳಿ ಅಂಗಳದ ಸುತ್ತ ಬಳಸಿ ಹೋಗಲಿ, ತಕ್ಕ ಅಂತರವಿಟ್ಟು ಬಲೆ ಕಟ್ಟಲಿ, ಕೆಳಗೆ ಮಳೆಗೂ ಬಿಸಿಲಿಗೂ ತಡೆಯುವ ಮಾಡು ಇರಲಿ. ಸರತಿಯ ದಾರಿಯಲ್ಲಿ ಹತ್ತದವರೂ ಕೊನೆಯವರೆಗೆ ಜೊತೆಗೆ ಹೋಗಿ ಬೀಳ್ಕೊಡುವಂತಿರಲಿ. ಇಳಿದು ಬರುವ ಬಾಗಿಲು ನೆನಪಿನ ವಸ್ತುಗಳ ಅಂಗಡಿಯೊಳಗೆ ತೆರೆಯದೆ ಕಾಯುವವರ ಎದುರಿಗೇ ತೆರೆಯಲಿ. ನಡುಗುವ ಕಾಲಲ್ಲಿ ಇಳಿದವನು ಮೊದಲು ಕಾಣಬೇಕಾದದ್ದು ತನ್ನವರ ಮುಖ, ಅವರಿಗೂ ಬೇಕಾದದ್ದು ಆ ಕ್ಷಣವೇ. ಡಿಸ್ನಿ ಉದ್ಯಾನಗಳಲ್ಲಿ ಈಗಾಗಲೇ ಇರುವ ಸರದಿ ಅದಲುಬದಲಿನ ಸೌಲಭ್ಯವನ್ನೂ ತರಬಹುದು: ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗುವಿನ ಬಳಿ ನಿಂತರೆ, ಅವಳು ಸಾಲನ್ನು ಮೊದಲಿನಿಂದ ನಿಲ್ಲದೆ ಹತ್ತಬಹುದು. ನಮ್ಮಲ್ಲಿ ಮಗುವಿನ ನೆಪದಲ್ಲಿ ಕೆಳಗೆ ಉಳಿಯುವವಳು ಹೆಚ್ಚಾಗಿ ತಾಯಿಯೇ. ಅವಳಿಗೂ ಹಾರುವ ಆಸೆ ಇದ್ದೀತೆಂದು ಉದ್ಯಾನ ಒಪ್ಪಿಕೊಂಡಂತಾಗುತ್ತದೆ.

ಉಳಿದದ್ದು ಹಣದ ಆಕ್ಷೇಪ, ಅದರ ಜೊತೆಗೇ ಸ್ವಾತಂತ್ರ್ಯದ್ದು. ದೊಡ್ಡ ಕೋಸ್ಟರಿನ ಚಿತ್ರ ನೋಡಿಯೇ ಯುವಕರು ಬರುತ್ತಾರೆ, ಅವರ ದುಡ್ಡಿಗೆ ತಕ್ಕ ಭಯ ಅವರಿಗೆ ಸಿಗಬೇಕು, ಅಜ್ಜಿಯ ನೋಟದ ಹೊರೆಯನ್ನು ಅವರೇಕೆ ಹೊರಬೇಕು ಎಂಬ ವಾದ. ಯುವಕರಿಂದ ಭಯವನ್ನು ಕಸಿಯಲು ನಾನು ಹೊರಟಿಲ್ಲ. ಬೆಟ್ಟವನ್ನು ತಗ್ಗಿಸಿ ಎಲ್ಲರಿಗೂ ಸಪ್ಪೆ ಮಾಡುವುದು ಸಮತೋಲನವಲ್ಲ, ಹಾಗೆ ಮಾಡಿದರೆ ಕೆಳಗೆ ನಿಂತವರಿಗೂ ನೋಡಲು ಏನೂ ಉಳಿಯುವುದಿಲ್ಲ. ಆದರೆ ಒಂಟಿಯಾಗಿ ಹೆದರಲು ಬಂದವರು ಎಷ್ಟು ಮಂದಿ? ಮೇಲಿನಿಂದ ಕೈಬೀಸುವುದು, ಇಳಿದ ಕೂಡಲೇ ‘ನೋಡಿದೆಯಾ’ ಎಂದು ಕೇಳುವುದು, ರೈಡಿನ ನಡುವೆ ತೆಗೆದ ಫೋಟೊವನ್ನು ದುಡ್ಡು ಕೊಟ್ಟು ಮನೆಗೆ ಒಯ್ಯುವುದು, ಇವೆಲ್ಲ ಹತ್ತಿದವನೇ ಸಾಕ್ಷಿಗಾಗಿ ಹಾತೊರೆಯುವ ಗುರುತುಗಳು. ಫೋಟೊ ಮಾರುವ ಉದ್ಯಾನಕ್ಕೆ ಈ ಹಸಿವು ಗೊತ್ತಿದೆ. ಸಾಕ್ಷಿಯಾಗಬಲ್ಲವರು ಪೂರ್ತಿ ಟಿಕೆಟ್ಟಿನ ದುಡ್ಡು ಕೊಟ್ಟು ಒಳಗೇ ಇದ್ದಾರೆ, ಅವರನ್ನು ಅಲ್ಲಿಗೆ ಕರೆಯುವುದಿಲ್ಲ ಅಷ್ಟೆ. ನಕ್ಷೆಯಲ್ಲಿ ಕೋಸ್ಟರಿನ ಗೆರೆ ಎಳೆಯುವ ದಿನವೇ, ಮೊದಲ ಕಂಬಕ್ಕೆ ಗುಂಡಿ ತೋಡುವ ಮುನ್ನ, ಅವರು ಎಲ್ಲಿ ಕೂರುತ್ತಾರೆ, ಏನು ಕಾಣುತ್ತಾರೆ ಎಂಬ ಗೆರೆಯನ್ನೂ ಎಳೆಯಬೇಕು. ಕಬ್ಬಿಣ ನಿಂತ ಮೇಲೆ ಅದರ ಬುಡಕ್ಕೆ ತಂದಿಡುವ ನಾಲ್ಕು ಬೆಂಚು ಆ ಕೆಲಸ ಮಾಡಲಾರವು.