ಕಮಲ ಸರಿ, ಕಮಲಾ ತಪ್ಪು

ಪೈಥಾನ್ ಕಲಿಯೋಕೆ ಶುರು ಮಾಡಿದವರು ಸಾಮಾನ್ಯವಾಗಿ ಬರೆಯುವ ಪುಟ್ಟ ಪ್ರೋಗ್ರಾಂ ಒಂದಿದೆ. ಕಪ್ಪು ಪರದೆಯಲ್ಲಿ ಹೆಸರು ಕೇಳೋದು, ವಯಸ್ಸು ಕೇಳೋದು, ನಮಸ್ಕಾರ ಹೇಳೋದು. ವಯಸ್ಸಿನ ಜಾಗದಲ್ಲಿ ಯಾರಾದರೂ 'ಇಪ್ಪತ್ತು' ಅಂತ ಅಕ್ಷರದಲ್ಲಿ ಬರೆದರೆ ವ್ಯಾಲ್ಯೂಎರರ್ ಬಂದು ಪ್ರೋಗ್ರಾಂ ನಿಂತುಹೋಗುತ್ತೆ. ಆಗ ಸಿಗುವ ಪಾಠ: ಬಳಸುವವರನ್ನು ನಂಬಬೇಡ, ಪರೀಕ್ಷಿಸಿ ಒಳಗೆ ಬಿಡು.

ಪಾಠ ಸರಿಯೇ. ಆದರೆ ಪರೀಕ್ಷೆಯನ್ನೇ ಪರೀಕ್ಷಿಸೋರು ಯಾರು ಅನ್ನೋದು ನನ್ನ ಪ್ರಶ್ನೆ.

ಹೆಸರು ಸರಿಯಿದೆಯಾ ಅಂತ ನೋಡೋಕೆ ಹೊಸಬರು ಹಾಕುವ ಕಾವಲು 'ಐಸ್‌ಆಲ್ಫಾ'. ಎಲ್ಲವೂ ಅಕ್ಷರವೇನಾ ಎಂದು ನೋಡುವ ಫಂಕ್ಷನ್. ಅದಕ್ಕೆ ಕನ್ನಡದಲ್ಲಿ 'ಕಮಲ' ಕೊಡಿ, ಹೌದು ಅನ್ನುತ್ತೆ. 'ಕಮಲಾ' ಕೊಡಿ, ಇಲ್ಲ ಅನ್ನುತ್ತೆ! ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ಅಕ್ಷರಗಳು. ಕೊನೆಯ ದೀರ್ಘ ಮಾತ್ರ ಅಕ್ಷರಕ್ಕೆ ಅಂಟಿಕೊಳ್ಳುವ ಒಂದು ಗುರುತು. ಇಂಗ್ಲಿಷ್ ಲಿಪಿಯಲ್ಲಿ 'ಕೆ. ಕಮಲಾ' ಎಂದು ಬರೆದರೂ ಬಚಾವಿಲ್ಲ, ಇನಿಶಿಯಲ್ ಪಕ್ಕದ ಚುಕ್ಕೆಯೂ ನಡುವಿನ ಖಾಲಿ ಜಾಗವೂ ಅದಕ್ಕೆ ಆಗಿಬರೋಲ್ಲ. ಅದೇ ಪೈಥಾನಿನ 'ಇಂಟ್', ೨೦ ಎಂದು ಕನ್ನಡ ಅಂಕಿ ಕೊಟ್ಟರೂ ತಕರಾರಿಲ್ಲದೆ 20 ಎಂದು ತಗೊಳ್ಳುತ್ತೆ.

ಬೇಡ ಅನ್ನೋದರಲ್ಲೂ ಎರಡು ಬಗೆ ಇದೆ. ಯಾರ ವಯಸ್ಸೂ -5 ಇರೋಕೆ ಸಾಧ್ಯವಿಲ್ಲ. ಅದನ್ನು ತಡೆಯುವುದು ನ್ಯಾಯ. ಕಮಲಾ ಮಾತ್ರ ನಿಜವಾಗಿಯೂ ಇದ್ದಾಳೆ. ಅವಳನ್ನು ತಡೆದದ್ದು ಕೋಡ್ ಬರೆದವರ ಕಲ್ಪನೆಯ ಗಡಿ. ಇಬ್ಬರಿಗೂ ಸಿಗುವುದು ಒಂದೇ ಉತ್ತರ: ಇನ್‌ವ್ಯಾಲಿಡ್. 'ನನಗೆ ಅರ್ಥವಾಗಲಿಲ್ಲ' ಎನ್ನಬೇಕಾದ ಕಡೆ 'ನೀವು ತಪ್ಪು' ಎನ್ನುವುದನ್ನು ನಾನು ಸುಳ್ಳು ಅಂತಲೇ ಕರೀತೀನಿ.

ಆ ಸುಳ್ಳು ಇನ್ನೊಂದು ಸುಳ್ಳನ್ನು ಹುಟ್ಟಿಸುತ್ತೆ. ಸರಿ ಉತ್ತರ ಬರುವ ತನಕ ಲೂಪ್ ಕೇಳ್ತಾನೇ ಇರುತ್ತೆ. ಕೊನೆಗೆ ಬಗ್ಗೋದು ಮನುಷ್ಯರೇ. ಕಮಲಾ ದೀರ್ಘ ಬಿಡ್ತಾಳೆ. ಸರ್‌ನೇಮ್ ಕಡ್ಡಾಯ ಎನ್ನುವ ಫಾರಂಗಳಲ್ಲಿ, ಅದಿಲ್ಲದವರು ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ತುಂಬ್ತಾರೆ. ಪ್ರೋಗ್ರಾಂಗೆ ಸಮಾಧಾನ, ಒಳಗೆ ಸೇರಿದ ಮಾಹಿತಿ ಮಾತ್ರ ನಿಜವಲ್ಲ.

'ಇದು ಬರೀ ಕಲಿಯೋ ಪ್ರೋಗ್ರಾಂ, ಯಾರು ಬಳಸ್ತಾರೆ?' ಅನ್ನಬಹುದು. ಆದರೆ ಅನುಮಾನಿಸೋ ಅಭ್ಯಾಸ ಬೆಳೆಯೋದು ಅಲ್ಲೇ. ಅದಕ್ಕೇ ಪ್ರತಿ ತಡೆಗೂ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳೋದು ಒಳ್ಳೇದು: ಈ ಉತ್ತರದಿಂದ ನನ್ನ ಪ್ರೋಗ್ರಾಂಗೆ ಏನು ಆಗಬೇಕಿದೆ? ವಯಸ್ಸಿನಿಂದ ಹುಟ್ಟಿದ ವರ್ಷ ಲೆಕ್ಕ ಹಾಕೋದಾದರೆ ಸಂಖ್ಯೆಯೇ ಬೇಕು. ಹೆಸರು ಬೇಕಿರೋದು ನಮಸ್ಕಾರ ಹೇಳೋಕೆ. ಅದಕ್ಕೆ ಖಾಲಿ ಇಲ್ಲದಿದ್ದರೆ ಸಾಕು.