ಹಸು, ಕರು ಮತ್ತು ಪೈರೇಟೆಡ್ ಗೇಮು

ಐರ್ಲೆಂಡಿನಲ್ಲೊಂದು ಹಳೇ ಕಥೆ ಇದೆ. 6ನೇ ಶತಮಾನದಲ್ಲಿ ಕೊಲಂಬಾ ಎಂಬ ಸನ್ಯಾಸಿ ತನ್ನ ಗುರು ಫಿನ್ನಿಯನ್ ಬಳಿಯಿದ್ದ ಕೀರ್ತನೆಗಳ ಪುಸ್ತಕವನ್ನು ರಾತ್ರಿ ಹೊತ್ತು ಗುಟ್ಟಾಗಿ ನಕಲು ಮಾಡಿಕೊಂಡನಂತೆ. ವಿಷಯ ತಿಳಿದ ಗುರು, ನಕಲೂ ನನ್ನದೇ ಅಂದ. ಜಗಳ ರಾಜ ಡಿಯರ್ಮಟ್‌ನ ಮುಂದೆ ಹೋಯಿತು. ಕರು ಹೇಗೆ ಹಸುವಿಗೋ, ನಕಲು ಹಾಗೆ ಮೂಲ ಪುಸ್ತಕಕ್ಕೆ ಅಂತ ರಾಜ ತೀರ್ಪು ಕೊಟ್ಟ. ಆ ನಕಲೇ ಇದು ಎಂದು ನಂಬಿಕೊಂಡು ಬಂದಿರುವ ಹಸ್ತಪ್ರತಿ ಇವತ್ತಿಗೂ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿದೆ.

ತೀರ್ಪು ಸರಿಯೇ? ಕರು ಹೊಡಕೊಂಡು ಹೋದರೆ ಕೊಟ್ಟಿಗೆ ಖಾಲಿ. ಪುಸ್ತಕ ನಕಲು ಮಾಡಿದರೆ ಗುರುವಿನ ಪುಸ್ತಕ ಹಾಗೇ ಇರುತ್ತೆ. ಪೈರೇಟೆಡ್ ಗೇಮ್ ಆಡಿದ ನಾವೆಲ್ಲ ಹೇಳೋದೂ ಇದನ್ನೇ: "ಯಾರಿಗೇನು ನಷ್ಟ? ನಾನು ಹೇಗೂ ದುಡ್ಡು ಕೊಟ್ಟು ಕೊಳ್ತಿರಲಿಲ್ಲ."

ಲೆಕ್ಕ ನೋಡಿ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 'ಗೇಮ್ ಡೆವ್ ಟೈಕೂನ್' ಬಿಡುಗಡೆ ಮಾಡಿತು. ಜೊತೆಗೆ ಒಂದು 'ಕದ್ದ' ಪ್ರತಿಯನ್ನೂ ತಾನೇ ಟೊರೆಂಟಿಗೆ ಹಾಕಿತು. ಅದರಲ್ಲಿ ಆಟಗಾರ ಕಟ್ಟಿದ ಕಂಪನಿ ಪೈರಸಿಯಿಂದಲೇ ದಿವಾಳಿಯಾಗುತ್ತಿತ್ತು! ಮೊದಲ ದಿನ ಕೊಂಡು ಆಡಿದವರು 214 ಮಂದಿ, ಆ ಪ್ರತಿ ಆಡಿದವರು 3,104. ಅಷ್ಟೂ ಜನ ಕೊಳ್ತಿದ್ದರು ಅನ್ನೋದು ಸುಳ್ಳು. ಆದರೆ ಹತ್ತರಲ್ಲಿ ಒಬ್ಬರು ಕೊಂಡಿದ್ದರೂ ಮಾರಾಟ ಎರಡರಷ್ಟನ್ನು ಮೀರುತ್ತಿತ್ತು. ಸಣ್ಣವರಿಗೆ ಆ ಹತ್ತರಲ್ಲಿ ಒಬ್ಬರೇ ಮುಂದಿನ ವರ್ಷದ ಅನ್ನ.

ಹಾಗಂತ ಪುಕ್ಕಟೆ ಕೊಟ್ಟರೆ ಮುಳುಗಿಹೋಗ್ತಾರೆ ಅಂತಲೂ ಅಲ್ಲ. ಐರ್ಲೆಂಡಿನವನೇ ಆದ ಟೆರ್ರಿ ಕ್ಯಾವನಾ 2010ರ ಜನವರಿಯಲ್ಲಿ 'ವಿವಿವಿವಿವಿವಿ' ಹೊರತಂದ. ಇದರಲ್ಲಿ ನೆಗೆಯುವ ಹಾಗಿಲ್ಲ, ಗುರುತ್ವವನ್ನೇ ತಲೆಕೆಳಗು ಮಾಡಿ ಚಾವಣಿಗೆ ಬೀಳಬೇಕು. ಇಂಥ ವಿಚಿತ್ರವನ್ನು ಮಾತಲ್ಲಿ ವಿವರಿಸಿದರೆ ಯಾರು ಕೊಳ್ತಾರೆ? ಬ್ರೌಸರಿನಲ್ಲೇ ಆಡುವಂಥ ಡೆಮೊ ಕೊಟ್ಟ. ಹತ್ತು ವರ್ಷ ತುಂಬಿದಾಗ ಗೇಮಿನ ಸೋರ್ಸ್ ಕೋಡನ್ನೇ ಎಲ್ಲರ ಮುಂದಿಟ್ಟ. ಬಾಗಿಲು ಎಷ್ಟು ತೆರೆಯಬೇಕು, ಯಾವಾಗ ತೆರೆಯಬೇಕು ಅನ್ನೋದನ್ನು ಪ್ರತಿಸಲವೂ ಅವನೇ ತೀರ್ಮಾನಿಸಿದ.

ಬಸವನಗುಡಿಯ ಪರಿಷೆಯಲ್ಲಿ ನಾಲ್ಕು ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕ್ಕೊಂಡರೆ ಯಾರೂ ಕಳ್ಳ ಅನ್ನಲ್ಲ. ವ್ಯಾಪಾರಿಯೇ ರುಚಿ ನೋಡಿ ಅಂತ ಕರೀತಾನೆ. ಅವನು ಅತ್ತ ತಿರುಗಿದಾಗ ಸೇರು ತುಂಬಿಕೊಂಡರೆ ಮಾತು ಬೇರೆ. ಗೇಮಿನಲ್ಲಿ ರಾಶಿ ಕರಗಲ್ಲ, ನಿಜ. ಆದರೆ ಕರೆದವನ, ಕೊಡುವವನ ಜಾಗವನ್ನು ನಾವು ಕಿತ್ತುಕೊಂಡಿರ್ತೀವಿ.

ಕೈಯಲ್ಲಿ ಕಾಸಿಲ್ಲದ ಕಾಲೇಜು ಹುಡುಗ ಏನು ಮಾಡಬೇಕು? ಊರಿನ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಗೇಮ್ ಹಾಕಿಸಿಕೊಂಡು ಬಂದವನೇ ನಾನೂ. ಅವನಿಗೆ ಉಪದೇಶ ಮಾಡುವ ಮುಖ ನನಗಿಲ್ಲ. ಡೆಮೊ ಆಡಲಿ, ಬೆಲೆ ಇಳಿಯುವ ತನಕ ಕಾಯಲಿ, ಮಾಡಿದವರಿಗೇ ಒಂದು ಮೇಲ್ ಬರೆದು ಕೇಳಲಿ ಅಂತಷ್ಟೇ ಹೇಳಬಲ್ಲೆ. ಕೇಳೋದಕ್ಕೆ ನಾಚಿಕೆಯಾದರೆ, ಆ ನಾಚಿಕೆ ಯಾಕೆ ಅಂತ ಯೋಚಿಸಲಿ. ಗುರುವಿನದು ಏನೂ ಹೋಗಲ್ಲ ಅಂತ ನಂಬಿದ್ದರೆ, ಕೊಲಂಬಾ ಯಾಕೆ ಹಗಲಲ್ಲೇ ಕೇಳಿ ಬರೆದುಕೊಳ್ಳಲಿಲ್ಲ? ನಿಮಗೇನನ್ನಿಸುತ್ತೆ?