ಬಲ್ಲವನ ಮಾತು, ಬಾಧ್ಯಸ್ಥನ ಮಾತು

ಒಂದು ವಿಷಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಯಾರು? ಅದರೊಳಗೆ ಬದುಕುವವನು. ಆ ವಿಷಯದ ಬಗ್ಗೆ ನಿಷ್ಪಕ್ಷಪಾತವಾಗಿ ಮಾತನಾಡಬಲ್ಲವನು ಯಾರು? ಅದರಿಂದ ಲಾಭವನ್ನಾಗಲಿ ನಷ್ಟವನ್ನಾಗಲಿ ಹೊಂದದವನು. ಈ ಎರಡು ಉತ್ತರಗಳು ಒಬ್ಬನೇ ವ್ಯಕ್ತಿಯಲ್ಲಿ ಕೂಡಿಬರುವುದು ಬಲು ಅಪರೂಪ. ಮಣ್ಣನ್ನು ಬಲ್ಲ ರೈತ ಮಣ್ಣಿನ ಬಾಧ್ಯಸ್ಥನೂ ಆಗಿರುತ್ತಾನೆ. ಅವನ ಮಾತನ್ನು ನಾವು ಹೇಗೆ ಕೇಳಬೇಕು, ಎಷ್ಟು ನಂಬಬೇಕು? ಪ್ರಿಯ ಓದುಗರೇ, ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಪ್ರಶ್ನೆ ದೂರದ ಇಂಗ್ಲೆಂಡಿನಲ್ಲಿ ಹಲವು ವರ್ಷಗಳಿಂದ ಜನರ ನೆಮ್ಮದಿಯನ್ನು ಕದಡಿದೆ. ಅಲ್ಲಿನ ಕಥೆಯನ್ನು ನಾವೂ ಸ್ವಲ್ಪ ತಾಳ್ಮೆಯಿಂದ ಆಲಿಸುವುದು ಒಳ್ಳೆಯದು.

ಬಿಬಿಸಿ ದೂರದರ್ಶನದಲ್ಲಿ ‘ಕಂಟ್ರಿಫೈಲ್’ ಎಂಬ ಗ್ರಾಮಜೀವನದ ಕಾರ್ಯಕ್ರಮವೊಂದಿದೆ. 1988ರಲ್ಲಿ ಆರಂಭವಾದ ಇದು 2009ರಲ್ಲಿ ಭಾನುವಾರದ ಸಂಜೆಯ ವೇಳೆಗೆ ಬಂದು, ಮುಂದೆ ಲಕ್ಷಾಂತರ ಕುಟುಂಬಗಳು ಒಟ್ಟಿಗೆ ಕುಳಿತು ನೋಡುವ ಕಾರ್ಯಕ್ರಮವಾಯಿತು. ಇದರ ನಿರೂಪಕರಲ್ಲಿ ಆಡಮ್ ಹೆನ್ಸನ್ ಒಬ್ಬರು. ಅವರು ವೃತ್ತಿಯಿಂದ ರೈತರು. ಗ್ಲೌಸ್ಟರ್‌ಷೈರ್ ಪ್ರಾಂತದ ಕಾಟ್ಸ್‌ವೋಲ್ಡ್ ಗುಡ್ಡಗಳಲ್ಲಿ ಸ್ನೇಹಿತರೊಬ್ಬರ ಪಾಲುದಾರಿಕೆಯಲ್ಲಿ ಸುಮಾರು 1,600 ಎಕರೆಯ ಬೇಸಾಯ ನಡೆಸುತ್ತಾರೆ. ಅವರ ತಂದೆ ಜೋ ಹೆನ್ಸನ್ ಅಳಿವಿನ ಅಂಚಿನಲ್ಲಿದ್ದ ದೇಸಿ ದನ, ಕುರಿ, ಹಂದಿಗಳ ತಳಿಗಳನ್ನು ಉಳಿಸಲೆಂದು 1971ರಲ್ಲಿ ಅಲ್ಲಿಯೇ ಒಂದು ತಳಿಧಾಮವನ್ನು ಸಾರ್ವಜನಿಕರಿಗೆ ತೆರೆದವರು. 1973ರಲ್ಲಿ ಸ್ಥಾಪನೆಯಾದ ಅಪರೂಪದ ತಳಿಗಳ ರಕ್ಷಣಾ ಸಂಸ್ಥೆಯ ಮೊದಲ ಅಧ್ಯಕ್ಷರು. ಮಗ 2001ರಲ್ಲಿ ಕಂಟ್ರಿಫೈಲ್ ತಂಡವನ್ನು ಸೇರಿದರು. ಆ ವರ್ಷವೇ ಕಾಲುಬಾಯಿ ಜ್ವರ ಬ್ರಿಟನ್ನಿನ ಹಳ್ಳಿಗಳನ್ನು ಹಿಂಡಿ, ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳ ವಧೆಗೆ ಕಾರಣವಾಯಿತು. ಹೊಲಗಳಲ್ಲಿ ಚಿತೆಗಳು ಉರಿಯುತ್ತಿದ್ದ ಆ ದಿನಗಳಲ್ಲಿ, ಹಾಲು ಎಲ್ಲಿಂದ ಬರುತ್ತದೆ ಎಂಬುದನ್ನು ಮರೆತಿದ್ದ ನಗರವಾಸಿಗಳಿಗೆ ರೈತನ ಮುಖವೊಂದು ಬೇಕಾಗಿತ್ತು.

ಹೀಗೆ ಪರಿಚಿತನಾದ ರೈತನನ್ನು ಜನ ತಮ್ಮ ಮನೆಯವನಂತೆ ಕಾಣತೊಡಗುತ್ತಾರೆ. ಕುರಿ ಮರಿ ಹಾಕುವುದನ್ನು ತೋರಿಸಿದವನು, ಬೆಳೆ ನೆಲಕಚ್ಚಿದಾಗ ಬೇಸರವನ್ನು ಮುಚ್ಚಿಡದವನು, ಸುಳ್ಳು ಹೇಳಲಾರ ಎಂಬ ವಿಶ್ವಾಸ ಅವರಲ್ಲಿ ಬೆಳೆಯುತ್ತದೆ. ಆಗಲೇ ನಮ್ಮ ಪ್ರಶ್ನೆ ಎದುರಾಗುವುದು. ಅವನು ರೋಗದ ಬಗ್ಗೆ, ಕಾನೂನಿನ ಬಗ್ಗೆ, ತೆರಿಗೆಯ ಬಗ್ಗೆ ಬಹಿರಂಗವಾಗಿ ಅಭಿಪ್ರಾಯ ಹೇಳಿದರೆ, ಕುರಿಮರಿಯ ಮೂಲಕ ಗಳಿಸಿದ ವಿಶ್ವಾಸವು ಆ ಅಭಿಪ್ರಾಯಕ್ಕೂ ಸಲ್ಲಬೇಕೇ?

ಎರಡು ಪ್ರಾಣಿಗಳ ನಡುವೆ

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾದದ್ದು ದನಗಳ ಕ್ಷಯರೋಗದ ವಿಷಯದಲ್ಲಿ. ಈ ರೋಗದ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಅದರ ಭಾರ ಅರ್ಥವಾಗುತ್ತದೆ. ಪಶುವೈದ್ಯರು ದನದ ಕತ್ತಿನ ಚರ್ಮಕ್ಕೆ ಎರಡು ಚುಚ್ಚುಮದ್ದು ಕೊಟ್ಟು ಹೋಗುತ್ತಾರೆ. ಮೂರು ದಿನಗಳ ಬಳಿಕ ಮರಳಿ ಬಂದು ಊತವನ್ನು ಅಳೆಯುತ್ತಾರೆ. ಊತ ಮಿತಿ ಮೀರಿದ್ದರೆ ಆ ದನ, ನೋಡಲು ಎಷ್ಟೇ ಆರೋಗ್ಯವಾಗಿರಲಿ, ಕಸಾಯಿಖಾನೆಗೆ ಹೋಗಲೇಬೇಕು. ಉಳಿದ ಹಿಂಡನ್ನು ಮಾರುವಂತಿಲ್ಲ, ಸಾಗಿಸುವಂತಿಲ್ಲ. 2010ರ ದಶಕದಲ್ಲಿ ಇಂಗ್ಲೆಂಡೊಂದರಲ್ಲೇ ಪ್ರತಿವರ್ಷ 20,000ಕ್ಕೂ ಹೆಚ್ಚು ದನಗಳು ಹೀಗೆ ಬಲಿಯಾದವು. ಸರಕಾರ ಪರಿಹಾರ ಕೊಡುತ್ತದೆ, ನಿಜ. ಆದರೆ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಅಪರೂಪದ ತಳಿಯ ಹಸುವಿಗೆ ಯಾವ ಪರಿಹಾರ ಸಮನಾದೀತು? ಆ ಮೂರು ದಿನಗಳ ಕಾಯುವಿಕೆ ಎಂಥದ್ದೆಂಬುದನ್ನು ಹೆನ್ಸನ್ ಅವರಂಥ ರೈತರು ಬಲ್ಲರು.

ಈ ರೋಗವನ್ನು ದನಗಳಿಗೆ ದಾಟಿಸುವುದರಲ್ಲಿ ಬ್ಯಾಜರ್ ಎಂಬ ಕಾಡುಪ್ರಾಣಿಗೂ ಪಾಲಿದೆ. ಮುಖದ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳಿರುವ, ನೆಲದಡಿಯ ಬಿಲಗಳಲ್ಲಿ ಹಗಲು ಕಳೆದು ರಾತ್ರಿ ಎರೆಹುಳು ಹುಡುಕುವ ಈ ಪ್ರಾಣಿ ನಮ್ಮ ನೀರುನಾಯಿಯ ಕುಲಕ್ಕೆ ಸೇರಿದ್ದು. ಬ್ರಿಟಿಷರಿಗೆ ಇದರ ಮೇಲೆ ಬಹಳ ಅಕ್ಕರೆ. 1992ರ ಕಾನೂನು ಇದಕ್ಕೆ ವಿಶೇಷ ರಕ್ಷಣೆ ಕೊಟ್ಟಿದೆ. ದನಗಳನ್ನು ಉಳಿಸಲು ಬ್ಯಾಜರ್‌ಗಳನ್ನು ಕೊಲ್ಲಬಹುದೇ ಎಂಬ ವಿವಾದ ದೇಶವನ್ನೇ ಇಬ್ಭಾಗ ಮಾಡಿತು. 2013ರಲ್ಲಿ ಸಾಮರ್‌ಸೆಟ್ ಮತ್ತು ಹೆನ್ಸನ್ ಅವರ ಪ್ರಾಂತವೇ ಆದ ಗ್ಲೌಸ್ಟರ್‌ಷೈರ್‌ಗಳಲ್ಲಿ ಪ್ರಾಯೋಗಿಕವಾಗಿ ಈ ಬೇಟೆ ಆರಂಭವಾಯಿತು. ಮುಂದಿನ ಸುಮಾರು ಹತ್ತು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಬ್ಯಾಜರ್‌ಗಳು ಸತ್ತವು. ವಿರೋಧದ ಮನವಿಗೆ ಮೂರು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2024ರಲ್ಲಿ ಹೊಸ ಸರಕಾರವು ತನ್ನ ಅವಧಿ ಮುಗಿಯುವುದರೊಳಗೆ ಇದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

ವಿಜ್ಞಾನ ಏನು ಹೇಳಿತು ಎಂದು ನೀವು ಕೇಳಬಹುದು. 1998ರಿಂದ ಹಲವು ವರ್ಷಗಳ ಕಾಲ ಒಂದು ಬೃಹತ್ ಪ್ರಯೋಗ ನಡೆದು, ಸುಮಾರು 11,000 ಬ್ಯಾಜರ್‌ಗಳನ್ನು ಕೊಲ್ಲಲಾಯಿತು. ಬೇಟೆಯಾಡಿದ ಪ್ರದೇಶದೊಳಗೆ ರೋಗ ಇಳಿಯಿತು. ಆದರೆ ಅದರ ಅಂಚಿನಲ್ಲಿ ಏರಿತು. ಬದುಕುಳಿದ ಪ್ರಾಣಿಗಳು ದಿಕ್ಕೆಟ್ಟು ದೂರದೂರ ಅಲೆದು ರೋಗವನ್ನು ಹರಡಿದ್ದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. 2007ರಲ್ಲಿ ಆ ಪ್ರಯೋಗದ ತಜ್ಞರ ತಂಡವು ಬ್ಯಾಜರ್ ಬೇಟೆಯಿಂದ ಅರ್ಥಪೂರ್ಣ ಪ್ರಯೋಜನವಿಲ್ಲ ಎಂದು ವರದಿ ಕೊಟ್ಟಿತು. ಅದೇ ವರ್ಷ, ಅದೇ ಅಂಕಿಅಂಶಗಳನ್ನು ನೋಡಿದ ಸರಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರರು ಪ್ರಯೋಜನವಿದೆ ಎಂದರು. 2019ರ ಒಂದು ಅಧ್ಯಯನ ಗ್ಲೌಸ್ಟರ್‌ಷೈರ್‌ನಲ್ಲಿ ಹೊಸ ಪ್ರಕರಣಗಳು ಶೇಕಡಾ 66ರಷ್ಟು ಇಳಿದವೆಂದು ತೋರಿಸಿದರೆ, 2022ರ ಇನ್ನೊಂದು ಅಧ್ಯಯನ ಬೇಟೆಯಾಡಿದ ಮತ್ತು ಆಡದ ಪ್ರದೇಶಗಳ ನಡುವೆ ವ್ಯತ್ಯಾಸವನ್ನೇ ಕಾಣಲಿಲ್ಲ.

ಪಂಡಿತರೇ ಒಮ್ಮತಕ್ಕೆ ಬಾರದ ಇಂಥ ವಿಷಯದಲ್ಲಿ ರೈತ ನಿರೂಪಕನು ಏನು ಮಾಡಬೇಕು? ಇಲ್ಲಿ ಒಂದು ಭೇದವನ್ನು ನಾವು ಸ್ಪಷ್ಟವಾಗಿ ಗುರುತಿಸಬೇಕು. ರೋಗ ತಗಲಿದ ಹಿಂಡಿನ ಒಡೆಯನಿಗೆ ಆಗುವ ನೋವು ಎಂಥದ್ದೆಂದು ಹೇಳುವಾಗ ಅವನು ಸಾಕ್ಷಿ. ಆ ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. ಬ್ಯಾಜರ್‌ಗಳನ್ನು ಕೊಂದರೆ ರೋಗ ಇಳಿಯುತ್ತದೆಯೇ ಎಂದು ಹೇಳುವಾಗ ಅವನು ನಮ್ಮಂತೆಯೇ ಒಬ್ಬ ವಿಚಾರಣೆಗಾರ. ಅಲ್ಲಿ ಅವನ ಮಾತು ಪುರಾವೆಯ ತಕ್ಕಡಿಗೆ ಬೀಳಬೇಕು. ಕೊಲ್ಲುವುದು ನ್ಯಾಯವೇ ಎಂಬ ಮೂರನೆಯ ಪ್ರಶ್ನೆಗೆ ಬಂದರೆ, ಅಲ್ಲಿ ಅನುಭವವೂ ಸಾಲದು, ಅಂಕಿಅಂಶವೂ ಸಾಲದು. ಒಂದೇ ಬಾಯಿಂದ, ಒಂದೇ ಧ್ವನಿಯಲ್ಲಿ ಬರುವ ಈ ಮೂರು ಬಗೆಯ ಮಾತುಗಳನ್ನು ಬೇರ್ಪಡಿಸಿ ಕೇಳುವುದು ಕೇಳುಗನ ಹೊಣೆ. ಬೇರ್ಪಡಿಸಿ ಹೇಳುವುದು ಹೇಳುವವನ ಹೊಣೆ.

ಲಾಭವಿದ್ದವನ ಮಾತೆಲ್ಲ ಸುಳ್ಳೇ?

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆ ಪಕ್ಷಪಾತದ ಸ್ವಭಾವವನ್ನು ಬಹು ಚೆನ್ನಾಗಿ ಹೇಳುತ್ತದೆ. ಆದರೆ ಇದೇ ಗಾದೆಯನ್ನು ಹಿಡಿದು ಬಾಧ್ಯಸ್ಥರ ಬಾಯಿ ಮುಚ್ಚಿಸಿದರೆ ಅದೂ ಅನ್ಯಾಯವೇ. ಇತ್ತೀಚಿನ ಇನ್ನೊಂದು ಉದಾಹರಣೆಯನ್ನು ಗಮನಿಸಿ. ಕಾರುಗಳ ಕಾರ್ಯಕ್ರಮದಿಂದ ಪ್ರಸಿದ್ಧರಾಗಿದ್ದ ಜೆರೆಮಿ ಕ್ಲಾರ್ಕ್‌ಸನ್ 2008ರಲ್ಲಿ ಆಕ್ಸ್‌ಫರ್ಡ್‌ಷೈರ್‌ನಲ್ಲಿ ಸುಮಾರು 1,000 ಎಕರೆ ಜಮೀನು ಕೊಂಡು, ಬಳಿಕ ತಾವೇ ಬೇಸಾಯಕ್ಕಿಳಿದರು. 2021ರಲ್ಲಿ ಆರಂಭವಾದ ಅವರ ಕಾರ್ಯಕ್ರಮ ವರ್ಷವಿಡೀ ದುಡಿದು ಉಳಿದ ಲಾಭ 144 ಪೌಂಡ್ ಎಂದು ತೋರಿಸಿದಾಗ, ರೈತನ ಕಷ್ಟ ಅನೇಕರಿಗೆ ಮೊದಲ ಬಾರಿ ಅರಿವಾಯಿತು.

2024ರ ಅಕ್ಟೋಬರ್ ಬಜೆಟ್‌ನಲ್ಲಿ, 10 ಲಕ್ಷ ಪೌಂಡ್ ಮೀರಿದ ಕೃಷಿ ಆಸ್ತಿಗೆ ಶೇಕಡಾ 20ರ ಉತ್ತರಾಧಿಕಾರ ತೆರಿಗೆ ವಿಧಿಸುವ ಯೋಜನೆ ಪ್ರಕಟವಾಯಿತು. ನವೆಂಬರ್ 19ರಂದು ಲಂಡನ್ನಿನಲ್ಲಿ ಸಾವಿರಾರು ರೈತರು ಪ್ರತಿಭಟಿಸಿದರು. ಕ್ಲಾರ್ಕ್‌ಸನ್ ಅಲ್ಲಿ ಭಾಷಣ ಮಾಡಿದರು. ಅವರು ಹಿಂದೊಮ್ಮೆ ಜಮೀನು ಕೊಂಡದ್ದಕ್ಕೆ ಈ ತೆರಿಗೆಯಿಂದ ತಪ್ಪಿಸಿಕೊಳ್ಳುವುದೇ ಕಾರಣವೆಂಬಂತೆ ಮಾತನಾಡಿದ್ದನ್ನು ಪತ್ರಕರ್ತೆಯೊಬ್ಬರು ಕ್ಯಾಮೆರಾದ ಮುಂದೆಯೇ ನೆನಪಿಸಿದಾಗ, ವಿಷಯ ತನ್ನ ಕುರಿತದ್ದಲ್ಲ, ರೈತರ ಕುರಿತದ್ದು ಎಂದು ಅವರು ವಾದಿಸಿದರು.

ಇಲ್ಲಿ ಯಾರು ಸರಿ? ವಿಚಾರ ಮಾಡಿ ನೋಡಿದರೆ ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಹೇಳುವವನಿಗೆ ಲಾಭವಿದೆ ಎಂಬ ಒಂದೇ ಕಾರಣಕ್ಕೆ ಅವನ ವಾದ ಸುಳ್ಳಾಗುವುದಿಲ್ಲ. ಸಣ್ಣ ಹಿಡುವಳಿದಾರನ ಸಂಕಟ ನಿಜವಾಗಿದ್ದರೆ, ಅದನ್ನು ಶ್ರೀಮಂತನೊಬ್ಬ ಹೇಳಿದರೂ ನಿಜವೇ. ಸರಕಾರ 2025ರ ಡಿಸೆಂಬರ್‌ನಲ್ಲಿ ಆ ಮಿತಿಯನ್ನು 25 ಲಕ್ಷ ಪೌಂಡ್‌ಗೆ ಏರಿಸಿದ್ದು, ರೈತರ ಅಳಲಿನಲ್ಲಿ ಹುರುಳಿತ್ತು ಎಂಬುದನ್ನು ಸೂಚಿಸುತ್ತದೆ. ಆದರೆ ಪ್ರಶ್ನೆ ಕೇಳಿದ ಪತ್ರಕರ್ತೆಯೂ ತಪ್ಪು ಮಾಡಲಿಲ್ಲ. ತಕ್ಕಡಿ ಹಿಡಿದವನ ಕೈಯನ್ನೂ ನೋಡುವ ಹಕ್ಕು ಕೊಳ್ಳುವವನಿಗೆ ಉಂಟು. ಲಾಭವಿರುವುದು ದೋಷವಲ್ಲ, ಅದನ್ನು ಮರೆಮಾಚುವುದು ದೋಷ. ತನ್ನ ಪಾಲು ಇಂತಿಷ್ಟು ಎಂದು ಮೊದಲೇ ಹೇಳಿ ಮಾತಿಗೆ ತೊಡಗುವವನನ್ನು ನಾವು ಇನ್ನಷ್ಟು ನಂಬಬಹುದು.

ಮೌನವೆಂಬ ಆಶ್ರಯ

ಹಾಗಿದ್ದರೆ ಜನಪ್ರಿಯ ನಿರೂಪಕರು ವಿವಾದಗಳ ಬಗ್ಗೆ ಸುಮ್ಮನಿರುವುದೇ ಕ್ಷೇಮವಲ್ಲವೇ? ಈ ವಾದವೂ ಅಲ್ಲಿ ಕೇಳಿಬಂತು. 2015ರಲ್ಲಿ ಇನ್ನೊಬ್ಬ ನಿರೂಪಕ, ನಿಸರ್ಗವಾದಿ ಕ್ರಿಸ್ ಪ್ಯಾಕಮ್, ಬ್ಯಾಜರ್ ಬೇಟೆ ಮುಂತಾದ ವಿಷಯಗಳಲ್ಲಿ ವನ್ಯಜೀವಿ ಸಂಸ್ಥೆಗಳು ಮೌನ ತಾಳಿರುವುದನ್ನು ಪತ್ರಿಕೆಯೊಂದರಲ್ಲಿ ಖಂಡಿಸಿದಾಗ, ಗ್ರಾಮೀಣ ಹಿತಾಸಕ್ತಿಗಳ ಪರವಾದ ಸಂಘಟನೆಯೊಂದು ಅವರನ್ನು ಕೆಲಸದಿಂದ ತೆಗೆಯಬೇಕೆಂದು ಕೇಳಿತು. ಬಿಬಿಸಿಯ ಮೇಲ್ವಿಚಾರಣಾ ಮಂಡಳಿ ಅವರು ನಿಯಮ ಮುರಿದಿಲ್ಲ ಎಂದು ತೀರ್ಮಾನಿಸಿತು. ರೈತರ ಪರ ಮಾತನಾಡಿದವರನ್ನು ಒಂದು ಪಕ್ಷ ದೂರುತ್ತದೆ, ಪ್ರಾಣಿಗಳ ಪರ ಮಾತನಾಡಿದವರನ್ನು ಮತ್ತೊಂದು. ತನಗೆ ಒಪ್ಪಿಗೆಯಾದ ಅಭಿಪ್ರಾಯವನ್ನು ‘ಧೈರ್ಯ’ವೆಂದೂ ಒಪ್ಪಿಗೆಯಾಗದ್ದನ್ನು ‘ಪಕ್ಷಪಾತ’ವೆಂದೂ ಕರೆಯುವುದು ಮನುಷ್ಯನ ಹಳೆಯ ದೌರ್ಬಲ್ಯ.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಬಲ್ಲವರು ಸುಮ್ಮನಾದರೆ ಆ ಜಾಗ ಬರಿದಾಗಿ ಉಳಿಯುವುದಿಲ್ಲ. ಅರಿಯದವರು ಅದನ್ನು ತುಂಬುತ್ತಾರೆ. ಹಾಗೆಂದು ಹುಸಿ ಭರವಸೆಯ ಮಾತು ಮೌನಕ್ಕಿಂತಲೂ ಅಪಾಯಕಾರಿ. 1990ರಲ್ಲಿ ಹುಚ್ಚು ಹಸು ರೋಗದ ಭೀತಿ ಹಬ್ಬಿದ್ದಾಗ, ಬ್ರಿಟನ್ನಿನ ಕೃಷಿ ಮಂತ್ರಿ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ತಮ್ಮ ಪುಟ್ಟ ಮಗಳಿಗೆ ಗೋಮಾಂಸದ ಬರ್ಗರ್ ತಿನ್ನಿಸಲು ಮುಂದಾಗಿ, ಭಯಪಡಬೇಕಿಲ್ಲ ಎಂದು ಸಾರಿದರು. 1996ರಲ್ಲಿ ಸರಕಾರವೇ ಆ ರೋಗ ಮನುಷ್ಯರಿಗೆ ದಾಟಿರುವ ಸಂಭವವಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಬ್ರಿಟನ್ನಿನಲ್ಲಿ 170ಕ್ಕೂ ಹೆಚ್ಚು ಜನ ಅದರಿಂದ ಸತ್ತರು. ಮಂತ್ರಿಗಳು ಬೇಕೆಂದು ಸುಳ್ಳಾಡಿದರು ಎನ್ನಬೇಕಿಲ್ಲ. ಖಚಿತವಾಗಿ ತಿಳಿಯದ ವಿಷಯಕ್ಕೆ ಅವರು ಒಂದು ಕುಟುಂಬದ ದೃಶ್ಯವನ್ನು ಜಾಮೀನಾಗಿ ಕೊಟ್ಟರು. ಜನ ಪುರಾವೆಯನ್ನು ಕೇಳುವ ಬದಲು ಚಿತ್ರವನ್ನು ನೋಡಿದರು. ಅನಂತರ ಹಳ್ಳಿಯ ಪ್ರಾಮಾಣಿಕ ರೈತನ ಮಾತಿಗೂ ಬೆಲೆ ಕುಸಿಯಿತು. ಒಬ್ಬರು ಹಾಳುಮಾಡಿದ ವಿಶ್ವಾಸದ ಸಾಲವನ್ನು ಇನ್ನೊಬ್ಬರು ತೀರಿಸಬೇಕಾಗುವುದು ಹೀಗೆ.

ಆದುದರಿಂದ ಜನರ ಪ್ರೀತಿ ಗಳಿಸಿದ ರೈತನಿಂದ ನಾವು ಮೂರು ಸಂಗತಿಗಳನ್ನು ನಿರೀಕ್ಷಿಸುವುದು ನ್ಯಾಯ. ಕಂಡದ್ದನ್ನು ಕಂಡದ್ದೆಂದೂ ಊಹಿಸಿದ್ದನ್ನು ಊಹೆಯೆಂದೂ ಅವನು ಹೇಳಲಿ. ತನ್ನ ಲಾಭನಷ್ಟವನ್ನು ಮುಚ್ಚಿಡದಿರಲಿ. ಎಲ್ಲಕ್ಕಿಂತ ಕಷ್ಟದ ಮೂರನೆಯದು, ತನ್ನವರಿಗೆ ಕಹಿಯಾದ ಸತ್ಯವನ್ನೂ ಆಡಲಿ. 2018ರಲ್ಲಿ ಕ್ಷಯರೋಗದ ಬಗ್ಗೆ ಸರಕಾರಕ್ಕೆ ಸಲ್ಲಿಸಿದ ಪರಿಶೀಲನಾ ವರದಿಯು, ರೋಗವನ್ನು ಬ್ಯಾಜರ್‌ಗಳ ಮೇಲೆ ಅತಿಯಾಗಿ ಹೊರಿಸಿ, ದನದಿಂದ ದನಕ್ಕೆ ಹರಡುವುದನ್ನು ತಡೆಯುವ ತಮ್ಮ ಹೊಣೆಯನ್ನು ಪಶುಪಾಲಕರು ಕಡೆಗಣಿಸಬಾರದು ಎಂದು ಎಚ್ಚರಿಸಿತ್ತು. ಇಂಥ ಮಾತು ಪ್ರಯೋಗಶಾಲೆಯಿಂದ ಬಂದರೆ ರೈತ ಮುಖ ತಿರುಗಿಸಬಹುದು. ತನ್ನ ಹಿಂಡನ್ನು ಪ್ರೀತಿಸುವ ಇನ್ನೊಬ್ಬ ರೈತನಿಂದ ಬಂದರೆ ಕೇಳುತ್ತಾನೆ. ಬಾಧ್ಯಸ್ಥನ ಮಾತಿಗೆ ಇರುವ ವಿಶೇಷ ಶಕ್ತಿ ಇಲ್ಲಿದೆ.

ನಮ್ಮ ಪಾಲಿನ ಕರ್ತವ್ಯವೂ ಇಲ್ಲದಿಲ್ಲ, ಓದುಗರೇ. ನಮ್ಮ ಮನೆಗಳಲ್ಲಿಯೂ ದೂರದರ್ಶನದ ಪರದೆಯ ಮೇಲೆ ನಮಗೆ ಪ್ರಿಯರಾದ ಮುಖಗಳಿವೆ. ಅವರ ನಗು ನಮಗೆ ಇಷ್ಟವಾದ ಮಾತ್ರಕ್ಕೆ ಅವರ ತೀರ್ಪನ್ನು ನಮ್ಮದಾಗಿಸಿಕೊಳ್ಳುವುದು ಸೋಮಾರಿತನ. ಅವರಿಗೆ ಸ್ವಾರ್ಥವಿದೆ ಎಂದ ಮಾತ್ರಕ್ಕೆ ಕಿವಿ ಮುಚ್ಚಿಕೊಳ್ಳುವುದೂ ಸೋಮಾರಿತನವೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಪರದೆಯ ಮೇಲೆ ಕಂಡದ್ದಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಮಕ್ಕಳ ಜತೆ ಕುಳಿತು ನೋಡುವಾಗ, ಈ ಮಾತು ಇವರಿಗೆ ಹೇಗೆ ಗೊತ್ತು, ಇದರಿಂದ ಯಾರಿಗೆ ಒಳಿತು, ಇಲ್ಲಿ ಮಾತನಾಡಲಾರದ ಜೀವ ಯಾವುದು ಎಂದು ಒಮ್ಮೆ ಕೇಳೋಣ. ದನವೂ ಬ್ಯಾಜರ್‌ಗಳೂ ತಮ್ಮ ಅಭಿಪ್ರಾಯವನ್ನು ಪ್ರಕಟಿಸಲಾರವು. ಅವುಗಳ ಪರವಾಗಿ ಯಾರೇ ಮಾತನಾಡಲಿ, ಅವರ ಮಾತನ್ನು ಪ್ರೀತಿಯಿಂದ ಕೇಳಿ, ಎಚ್ಚರದಿಂದ ತೂಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲಿ.